ವ್ರತಕ್ಕೆ ಭಂಗವಿಲ್ಲದ ಔಷಧ: ಉಗ್ರಾದಿತ್ಯಾಚಾರ್ಯರ ಜೀವನ

ವ್ರತವನ್ನು ಕೈಕೊಂಡವನಿಗೆ ಹಸಿವಿಗಿಂತ ರೋಗವೇ ದೊಡ್ಡ ಪರೀಕ್ಷೆ. ಮೈ ಗಟ್ಟಿಯಾಗಿರುವಾಗ ಮದ್ಯ, ಮಾಂಸ, ಮಧುಗಳನ್ನು ಬಿಟ್ಟಿರುವುದು ಶ್ರಾವಕಕುಲದಲ್ಲಿ ಹುಟ್ಟಿದವರಿಗೆ ಕಷ್ಟದ ಮಾತಲ್ಲ. ಆದರೆ ಕಣ್ಣು ಹಳದಿಯಾಗಿ, ಅನ್ನ ಸೇರದೆ, ಮೈಯಲ್ಲಿ ನೆತ್ತರು ಬತ್ತಿ ಹಾಸಿಗೆ ಹಿಡಿದಾಗ, ಜೇನಿನಲ್ಲಿ ಕಲಸಿದ ಚೂರ್ಣವನ್ನೋ, ಹುದುಗಿಸಿದ ಅರಿಷ್ಟವನ್ನೋ, ಪ್ರಾಣಿಯ ಅಂಗದಿಂದ ತೆಗೆದ ಸಾರವನ್ನೋ ವೈದ್ಯನು ಮುಂದಿಟ್ಟರೆ ಮನೆಯವರ ಮನಸ್ಸು ತೂಗಾಡುತ್ತದೆ. ಜೀವ ಉಳಿಯಲಿ, ಆಮೇಲೆ ಪ್ರಾಯಶ್ಚಿತ್ತ ಮಾಡಿಕೊಳ್ಳಬಹುದೆಂದು ಒಬ್ಬರು ಹೇಳುತ್ತಾರೆ. ವ್ರತ ಹೋದ ಮೇಲೆ ಉಳಿದ ಜೀವದಿಂದ ಫಲವೇನೆಂದು ಇನ್ನೊಬ್ಬರು ಕೇಳುತ್ತಾರೆ. ಈ ಇಕ್ಕಟ್ಟು ಇಂದು ನಿನ್ನೆಯದಲ್ಲ. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ವೈದ್ಯಶಾಸ್ತ್ರದ ಒಳಗೆ ನಿಂತು ಇದಕ್ಕೆ ಉತ್ತರವನ್ನು ಕಂಡುಕೊಟ್ಟ ಮಹಾನುಭಾವರು ಕಲ್ಯಾಣಕಾರಕದ ಕರ್ತೃಗಳಾದ ಉಗ್ರಾದಿತ್ಯಾಚಾರ್ಯರು. ಅವರ ಹೆಸರನ್ನು ಕೇಳದ ಜೈನ ಮನೆತನ ವಿರಳ. ಅವರು ಮಾಡಿದ ಕಾರ್ಯವೇನೆಂಬುದನ್ನು ಬಿಡಿಸಿ ತಿಳಿದವರು ಮಾತ್ರ ಕಡಿಮೆ.

ಆಚಾರ್ಯರು ಬಾಳಿದ ಕಾಲವು ದಿಗಂಬರ ಸಂಪ್ರದಾಯಕ್ಕೆ ಸುವರ್ಣಯುಗ. ಮಾನ್ಯಖೇಟದಲ್ಲಿ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಕ್ರಿ.ಶ. ೮೧೪ರಿಂದ ೮೭೮ರವರೆಗೆ ಆಳಿದನು. ಆದಿಪುರಾಣವನ್ನು ರಚಿಸಿದ ಜಿನಸೇನಾಚಾರ್ಯರು ಆತನಿಗೆ ಗುರುಗಳು. ಅವರ ಕೈಯಲ್ಲಿಯೇ ಜಯಧವಲಾ ಟೀಕೆಯು ಕ್ರಿ.ಶ. ೮೩೭ರಲ್ಲಿ ಮುಕ್ತಾಯಗೊಂಡಿತು. ಗಣಿತಸಾರಸಂಗ್ರಹವನ್ನು ಬರೆದ ಮಹಾವೀರಾಚಾರ್ಯರೂ ಆ ಅರಸನ ಕಾಲದವರೇ. ಸಿದ್ಧಾಂತ, ಪುರಾಣ, ಗಣಿತ, ವ್ಯಾಕರಣಗಳಲ್ಲಿ ನಮ್ಮ ಮುನಿಗಳು ಗ್ರಂಥಗಳನ್ನು ರಚಿಸುತ್ತಿದ್ದ ಆ ದಿನಗಳಲ್ಲಿ ವೈದ್ಯಶಾಸ್ತ್ರದ ಭಾರವನ್ನು ಹೊತ್ತವರು ಉಗ್ರಾದಿತ್ಯರು.

ತಂದೆತಾಯಿಗಳ ಹೆಸರನ್ನೂ ಹುಟ್ಟೂರನ್ನೂ ಹೇಳಿಕೊಳ್ಳುವುದು ಮುನಿಗಳ ರೀತಿಯಲ್ಲ. ದೀಕ್ಷೆಯೊಡನೆ ಗೃಹಸ್ಥಜೀವನದ ಗುರುತುಗಳೆಲ್ಲ ಕಳಚುತ್ತವೆ. ಆದುದರಿಂದ ಉಗ್ರಾದಿತ್ಯರು ತಮ್ಮ ಗ್ರಂಥದಲ್ಲಿ ಗುರುವನ್ನೂ ಸ್ಥಳವನ್ನೂ ಮಾತ್ರ ಸ್ಮರಿಸಿದ್ದಾರೆ. ಗುರುಗಳು ಶ್ರೀನಂದಿ ಆಚಾರ್ಯರು. ವಿಷ್ಣುರಾಜನೆಂಬ ಅರಸನಿಂದ ಅವರು ಪೂಜಿತರಾಗಿದ್ದರೆಂದು ಗ್ರಂಥವು ತಿಳಿಸುತ್ತದೆ. ಈ ಅರಸನು ಕ್ರಿ.ಶ. ೭೬೪ರಿಂದ ೭೯೯ರವರೆಗೆ ಆಳಿದ ವೆಂಗಿಯ ಪೂರ್ವ ಚಾಲುಕ್ಯ ನಾಲ್ಕನೆಯ ವಿಷ್ಣುವರ್ಧನನೆಂದು ಹಲವು ವಿದ್ವಾಂಸರ ಅಭಿಪ್ರಾಯ. ಸ್ಥಳವು ತ್ರಿಕಲಿಂಗ ದೇಶದ ರಾಮಗಿರಿ. ಬೆಟ್ಟ, ಗುಹೆ, ಜಿನಾಲಯಗಳಿಂದ ಕೂಡಿದ ಆ ಕ್ಷೇತ್ರವನ್ನು ಆಂಧ್ರದ ವಿಜಯನಗರಂ ಜಿಲ್ಲೆಯ ರಾಮತೀರ್ಥವೆಂದು ಗುರುತಿಸಿದವರಿದ್ದಾರೆ. ಅಲ್ಲಿನ ಬೆಟ್ಟದ ಮೇಲೆ ಜೈನ ಅವಶೇಷಗಳೂ, ಪೂರ್ವ ಚಾಲುಕ್ಯ ವಿಮಲಾದಿತ್ಯನ ಕಾಲದ ಶಾಸನವೂ ಇವೆ. ನಾಗಪುರದ ಬಳಿಯ ರಾಮಟೇಕವೇ ರಾಮಗಿರಿ ಎನ್ನುವವರೂ ಉಂಟು. ಆ ಗಿರಿಯ ಜಿನಮಂದಿರದಲ್ಲಿ ಗುರುಗಳ ಬಳಿ ಕುಳಿತು ಉಗ್ರಾದಿತ್ಯರು ಪ್ರಾಣಾವಾಯವನ್ನು ಅಭ್ಯಾಸ ಮಾಡಿದರು.

ಪ್ರಾಣಾವಾಯವೆಂದರೇನೆಂಬುದನ್ನು ಇಲ್ಲಿ ಹೇಳಬೇಕು. ದ್ವಾದಶಾಂಗಗಳಲ್ಲಿ ಕಡೆಯದಾದ ದೃಷ್ಟಿವಾದದಲ್ಲಿ ಹದಿನಾಲ್ಕು ಪೂರ್ವಗಳಿವೆ. ಅವುಗಳಲ್ಲಿ ಹನ್ನೆರಡನೆಯದು ಪ್ರಾಣಾವಾಯ ಪೂರ್ವ. ಅಷ್ಟಾಂಗ ಆಯುರ್ವೇದವು ಅದರೊಳಗೆ ಅಡಕವಾಗಿದೆ ಎಂಬುದು ನಮ್ಮ ಪರಂಪರೆ. ಭೋಗಭೂಮಿಯ ಕಾಲ ಕಳೆದು ಕರ್ಮಭೂಮಿಯಲ್ಲಿ ಜನರು ರೋಗಗಳಿಂದ ನರಳುವುದನ್ನು ಕಂಡ ಭರತ ಚಕ್ರವರ್ತಿಯು ಸಮವಸರಣದಲ್ಲಿ ಭಗವಾನ್ ಋಷಭದೇವರನ್ನು ಪ್ರಾರ್ಥಿಸಿದನೆಂದೂ, ದಿವ್ಯಧ್ವನಿಯಿಂದ ಹೊರಟ ಆ ವಿದ್ಯೆಯು ಗಣಧರರ ಮೂಲಕ ಮುನಿಪರಂಪರೆಗೆ ಇಳಿದುಬಂದಿತೆಂದೂ ಕಲ್ಯಾಣಕಾರಕವು ಆರಂಭದಲ್ಲಿಯೇ ನಿರೂಪಿಸುತ್ತದೆ. ಹಿಂದಿನ ಆಚಾರ್ಯರನ್ನು ಉಗ್ರಾದಿತ್ಯರು ಹೆಸರಿಸಿ ನಮಿಸುತ್ತಾರೆ. ಕಣ್ಣು, ಕಿವಿ, ಮೂಗುಗಳ ಚಿಕಿತ್ಸೆಯನ್ನು ಪೂಜ್ಯಪಾದರು, ಶಸ್ತ್ರಚಿಕಿತ್ಸೆಯನ್ನು ಪಾತ್ರಸ್ವಾಮಿಗಳು, ವಿಷಚಿಕಿತ್ಸೆಯನ್ನೂ ಗ್ರಹಶಮನವನ್ನೂ ಸಿದ್ಧಸೇನರು, ಕಾಯಚಿಕಿತ್ಸೆಯನ್ನು ದಶರಥಗುರುಗಳು, ಬಾಲವೈದ್ಯವನ್ನು ಮೇಘನಾದರು, ರಸಾಯನ ವಾಜೀಕರಣಗಳನ್ನು ಸಿಂಹನಾದರು ಬರೆದರು. ಎಂಟು ಅಂಗಗಳನ್ನೂ ವಿಸ್ತಾರವಾಗಿ ಹೇಳಿದವರು ಸಮಂತಭದ್ರ ಸ್ವಾಮಿಗಳು. ಅದನ್ನು ಸಂಗ್ರಹಿಸಿ ಹೇಳುವುದಷ್ಟೇ ತಮ್ಮ ಕೆಲಸವೆಂದು ಉಗ್ರಾದಿತ್ಯರು ವಿನಯದಿಂದ ನುಡಿದಿದ್ದಾರೆ. ಅವರು ಹೆಸರಿಸಿದ ಆ ಗ್ರಂಥಗಳು ಇಂದು ದೊರೆಯುವುದಿಲ್ಲ. ಆದುದರಿಂದ ಆ ಪರಂಪರೆಯ ಸಂಸ್ಕೃತ ಕೃತಿಗಳಲ್ಲಿ ಇಡಿಯಾಗಿ ಕೈಗೆ ಬಂದ ಕಲ್ಯಾಣಕಾರಕಕ್ಕೆ ಅಷ್ಟೊಂದು ಬೆಲೆ.

ಗ್ರಂಥದಲ್ಲಿ ೨೫ ಪರಿಚ್ಛೇದಗಳೂ, ಕೊನೆಯಲ್ಲಿ ರಿಷ್ಟಾಧ್ಯಾಯ, ಹಿತಾಹಿತಾಧ್ಯಾಯಗಳೆಂಬ ಎರಡು ಪರಿಶಿಷ್ಟಗಳೂ ಇವೆ. ಆರೋಗ್ಯವು ಎರಡು ಬಗೆಯೆಂದು ಆಚಾರ್ಯರು ಆದಿಯಲ್ಲಿಯೇ ವಿಂಗಡಿಸುತ್ತಾರೆ. ಸಕಲ ಕರ್ಮಗಳೂ ನಾಶವಾದಾಗ ಆತ್ಮನಿಗೆ ದೊರೆಯುವ ಅತೀಂದ್ರಿಯವಾದ ನೆಲೆಯು ಪಾರಮಾರ್ಥಿಕ ಸ್ವಾಸ್ಥ್ಯ. ಜಠರಾಗ್ನಿ, ದೋಷ, ಧಾತುಗಳು ಸಮವಾಗಿದ್ದು ಇಂದ್ರಿಯ ಮನಸ್ಸುಗಳು ಪ್ರಸನ್ನವಾಗಿರುವುದು ವ್ಯಾವಹಾರಿಕ ಸ್ವಾಸ್ಥ್ಯ. ಎರಡನೆಯದು ಮೊದಲನೆಯದಕ್ಕೆ ಸಾಧನ. ಹೀಗೆ ಹೇಳಿದೊಡನೆಯೇ ಔಷಧದ ಎಲ್ಲೆಯೂ ನಿಶ್ಚಯವಾಯಿತು. ದೇಹವನ್ನು ಉಳಿಸಲು ಆತ್ಮನ ಸ್ವಾಸ್ಥ್ಯವನ್ನೇ ಕೆಡಿಸುವ ದ್ರವ್ಯವು, ಎಷ್ಟೇ ಬೇಗ ಗುಣ ಕೊಡಲಿ, ಔಷಧವೆನಿಸದು. ವೈದ್ಯನಿಗೂ ಅವರು ಇದೇ ಎಲ್ಲೆಯನ್ನು ಹಾಕುತ್ತಾರೆ. ಹಣದ ಆಸೆಯಿಂದಾಗಲಿ, ಸ್ನೇಹ ಬಂಧುತ್ವಗಳ ದಾಕ್ಷಿಣ್ಯದಿಂದಾಗಲಿ, ಮನ್ನಣೆಗಾಗಿಯಾಗಲಿ ಚಿಕಿತ್ಸೆ ಮಾಡಬಾರದು. ಕಾರುಣ್ಯಬುದ್ಧಿಯಿಂದ, ಕರ್ಮಕ್ಷಯಕ್ಕಾಗಿ ಮಾಡಬೇಕು. ರೋಗದ ಮೂಲಕಾರಣವು ಪಾಪಕರ್ಮದ ಉದಯವೆಂದು ಅವರು ಒಪ್ಪುತ್ತಾರೆ. ಆದರೂ ಕರ್ಮವೆಂದು ಕೈಕಟ್ಟಿ ಕೂರುವುದನ್ನು ಬೋಧಿಸುವುದಿಲ್ಲ. ವಾತ, ಪಿತ್ತ, ಕಫಗಳ ವಿಕಾರವನ್ನು ಶಮನಗೊಳಿಸುವ ಔಷಧವನ್ನು ಸವಿಸ್ತಾರವಾಗಿ ಹೇಳಿರುವುದೇ ಇದಕ್ಕೆ ಸಾಕ್ಷಿ.

ಈ ತತ್ತ್ವವು ಎಲ್ಲಿ ಅತ್ಯಂತ ಕಠಿಣ ಪರೀಕ್ಷೆಗೆ ಒಳಗಾಯಿತೆಂದರೆ, ರಕ್ತ ಮತ್ತು ಯಕೃತ್ತಿನ ರೋಗಗಳಲ್ಲಿ. ಪ್ರಾಚೀನ ವೈದ್ಯರ ಮತದಂತೆ ಉಂಡ ಅನ್ನದ ಸಾರವಾದ ರಸಧಾತುವು ಯಕೃತ್ತು, ಪ್ಲೀಹಗಳನ್ನು ಸೇರಿ ರಂಜಕಪಿತ್ತದಿಂದ ಕೆಂಬಣ್ಣವನ್ನು ಪಡೆದು ರಕ್ತವಾಗುತ್ತದೆ. ಆದುದರಿಂದ ರಕ್ತವನ್ನು ಒಯ್ಯುವ ಸ್ರೋತಸ್ಸುಗಳಿಗೆ ಯಕೃತ್ತು, ಪ್ಲೀಹಗಳೇ ಬುಡ. ಪಿತ್ತ ಕೆಟ್ಟರೆ ರಕ್ತ ಕೆಡುತ್ತದೆ. ರಕ್ತ ಕೆಟ್ಟರೆ ಪಾಂಡು, ಕಾಮಾಲೆ, ರಕ್ತಪಿತ್ತ, ಚರ್ಮರೋಗಗಳು ತೋರುತ್ತವೆ. ಇಷ್ಟರವರೆಗೆ ಎಲ್ಲ ಪಂಥದ ವೈದ್ಯರಿಗೂ ಸಮ್ಮತಿ. ಭೇದವಿದ್ದುದು ಚಿಕಿತ್ಸೆಯಲ್ಲಿ. ಸಮಾನವಾದುದು ಸಮಾನವನ್ನು ಬೆಳೆಸುತ್ತದೆ ಎಂಬ ನ್ಯಾಯದಿಂದ ಮಾಂಸವು ಮಾಂಸದಿಂದಲೂ, ರಕ್ತವು ರಕ್ತದಿಂದಲೂ ವೃದ್ಧಿಯಾಗುವುದೆಂದು ಚರಕಸಂಹಿತೆಯು ಹೇಳಿತ್ತು. ರಕ್ತಸ್ರಾವವು ಮಿತಿಮೀರಿದಾಗ ಆಡಿನ ಹಸಿಯ ಯಕೃತ್ತನ್ನು ತಿನ್ನಿಸಲು ಸುಶ್ರುತಸಂಹಿತೆಯು ವಿಧಿಸಿತ್ತು. ಎರಡೂ ಮಹಾಗ್ರಂಥಗಳು, ವೈದ್ಯಲೋಕದಲ್ಲಿ ಅವುಗಳ ಮಾತಿಗೆ ಎದುರಿರಲಿಲ್ಲ. ಜೈನ ರೋಗಿಯು ಇಂತಹ ವಿಧಿಯನ್ನು ಒಲ್ಲೆನೆಂದರೆ ಶಾಸ್ತ್ರವನ್ನು ಅರಿಯದ ಮೂಢನೆನಿಸಿಕೊಳ್ಳಬೇಕಾಗಿತ್ತು. ಒಪ್ಪಿದರೆ ಮೂಲಗುಣವನ್ನೇ ಕಳೆದುಕೊಳ್ಳಬೇಕಾಗಿತ್ತು.

ಇಂತಹ ಸನ್ನಿವೇಶದಲ್ಲಿ ನಡೆದುದು ನೃಪತುಂಗನ ಆಸ್ಥಾನದ ಪ್ರಸಂಗ. ಮಾಂಸವು ಔಷಧವೆಂದು ಎತ್ತಿಹಿಡಿಯುತ್ತಿದ್ದ ವಿದ್ವಾಂಸರೂ ವೈದ್ಯರೂ ನೆರೆದಿದ್ದ ಸಭೆಯಲ್ಲಿ ಉಗ್ರಾದಿತ್ಯರು ಮಾಂಸನಿರಾಕರಣವನ್ನು ಪ್ರತಿಪಾದಿಸಿದರೆಂದು ಹಿತಾಹಿತಾಧ್ಯಾಯವು ತಿಳಿಸುತ್ತದೆ. ಆ ವಾದದ ವೈಶಿಷ್ಟ್ಯವೆಂದರೆ, ನಮ್ಮ ಧರ್ಮದಲ್ಲಿ ನಿಷೇಧವಿದೆ ಎಂದಷ್ಟೇ ಹೇಳಿ ಅವರು ನಿಲ್ಲಲಿಲ್ಲ. ಹಾಗೆ ಹೇಳಿದ್ದರೆ ಅದು ಜೈನರಿಗೆ ಮಾತ್ರ ಅನ್ವಯಿಸುತ್ತಿತ್ತು. ವೈದ್ಯರ ಮಾತನ್ನು ವೈದ್ಯಶಾಸ್ತ್ರದಿಂದಲೇ ಅಳೆದು, ಮಾಂಸವು ಚಿಕಿತ್ಸೆಗೆ ಅನಿವಾರ್ಯವಲ್ಲವೆಂದೂ, ಆಯುರ್ವೇದದ ಮೂಲಪ್ರವಾಹದಲ್ಲಿ ಅದಿರಲಿಲ್ಲ, ಮಾಂಸದಲ್ಲಿ ಆಸಕ್ತರಾದವರು ಮುಂದೆ ಸೇರಿಸಿದರೆಂದೂ ಅವರು ನಿರೂಪಿಸಿದರು. ಇಲ್ಲೊಂದು ಆಕ್ಷೇಪವು ಏಳುವುದು ಸಹಜ. ಗಿಡಮೂಲಿಕೆಗಳಲ್ಲಿಯೂ ಜೀವವಿದೆಯಲ್ಲವೇ? ಇದೆ. ಆದರೆ ಏಕೇಂದ್ರಿಯ ಜೀವಕ್ಕೂ, ನೋವನ್ನು ಕಂಡು ಬೆದರಿ ಓಡುವ ಪಂಚೇಂದ್ರಿಯ ಜೀವಕ್ಕೂ ಘಾತದ ಪಾಪದಲ್ಲಿ ಬಹಳ ಅಂತರವಿದೆ. ಗೃಹಸ್ಥನು ತ್ರಸಹಿಂಸೆಯನ್ನು ಪೂರ್ಣವಾಗಿ ಬಿಡುತ್ತಾನೆ. ಸ್ಥಾವರಹಿಂಸೆಯನ್ನು ಪ್ರಯೋಜನಕ್ಕೆ ತಕ್ಕಷ್ಟಕ್ಕೆ ಇಳಿಸುತ್ತಾನೆ. ಔಷಧಕ್ಕೆಂದು ಎಲೆ ಕೀಳುವಾಗಲೂ ಬೇಕಾದಷ್ಟನ್ನೇ ಕೀಳುವುದು ಈ ಕಾರಣದಿಂದಲೇ.

ಮಾಂಸವನ್ನು ಬೇಡವೆಂದ ಮೇಲೆ ಬದಲಿಗೆ ಏನನ್ನು ಕೊಡಬೇಕೆಂಬುದು ಮುಂದಿನ ಪ್ರಶ್ನೆ. ಇದಕ್ಕೆ ಉತ್ತರವು ಕಹಿಯಲ್ಲಿದೆ. ಆಯುರ್ವೇದದ ಆರು ರಸಗಳಲ್ಲಿ ತಿಕ್ತರಸವು ಪಿತ್ತವನ್ನು ಇಳಿಸಿ ರಕ್ತವನ್ನು ತಿಳಿಗೊಳಿಸುವುದು. ಬೇವು, ನೆಲಬೇವು, ಅಮೃತಬಳ್ಳಿ, ಕಟುಕರೋಹಿಣಿ, ಕಹಿಪಡವಲ, ಆಡುಸೋಗೆ ಇವೆಲ್ಲ ಈ ವರ್ಗದವು. ಅಳಲೆ, ತಾರೆ, ನೆಲ್ಲಿಗಳ ತ್ರಿಫಲೆಯು ಮೃದುವಾಗಿ ಮಲವನ್ನು ಸಾಗಿಸಿ ಪಿತ್ತವನ್ನು ಹೊರಹಾಕುವುದು. ಕೊಮ್ಮೆಯು ಮೂತ್ರವನ್ನು ಇಳಿಸಿ ಬಾವನ್ನು ತಗ್ಗಿಸುವುದಕ್ಕೆ, ಸೊಗದೆಬೇರು ರಕ್ತಶುದ್ಧಿಗೆ, ನೆಲನೆಲ್ಲಿ ಮತ್ತು ಗರುಗಗಳು ಕಾಮಾಲೆಗೆ ಹೆಸರಾಗಿವೆ. ವೈದ್ಯರ ಸಂಗ್ರಹಗ್ರಂಥಗಳಲ್ಲಿ ಫಲತ್ರಿಕಾದಿ ಕ್ವಾಥವೆಂಬುದೊಂದಿದೆ. ತ್ರಿಫಲೆಯ ಮೂರು, ಅಮೃತಬಳ್ಳಿ, ಆಡುಸೋಗೆ, ಕಟುಕರೋಹಿಣಿ, ನೆಲಬೇವು, ಬೇವು, ಹೀಗೆ ಎಂಟು ದ್ರವ್ಯಗಳ ಈ ಕಷಾಯವು ಪಾಂಡು, ಕಾಮಾಲೆಗಳಿಗೆ ಪ್ರಸಿದ್ಧ. ಕುಟ್ಟಿದ ಔಷಧಕ್ಕೆ ಹದಿನಾರು ಪಾಲು ನೀರೆರೆದು ಎಂಟನೆಯ ಒಂದಂಶ ಉಳಿಯುವವರೆಗೆ ಕುದಿಸುವುದು ಕ್ರಮ. ಅದನ್ನು ಜೇನು ಬೆರೆಸಿ ಕುಡಿಯಬೇಕೆಂದು ಆ ಗ್ರಂಥಗಳು ಹೇಳುತ್ತವೆ. ಶ್ರಾವಕನಿಗೆ ಮಧುತ್ಯಾಗವಿರುವುದರಿಂದ ನಮ್ಮ ಮನೆಗಳಲ್ಲಿ ಕಷಾಯವನ್ನು ಹಾಗೆಯೇ, ಇಲ್ಲವೆ ಕಲ್ಲುಸಕ್ಕರೆಯೊಡನೆ ಕೊಡುವುದು ರೂಢಿ. ರೋಗವನ್ನು ಎದುರಿಸುವ ಗುಣವಿರುವುದು ಎಂಟು ದ್ರವ್ಯಗಳಲ್ಲಿ. ಜೇನು ಅವನ್ನು ಒಳಗೊಯ್ಯುವ ಅನುಪಾನ ಮಾತ್ರ. ಉಗ್ರಾದಿತ್ಯರ ದಾರಿಯೆಂದರೆ ಇದೇ. ಔಷಧದಲ್ಲಿ ರೋಗಕ್ಕೆ ಬೇಕಾದುದು ಯಾವುದು, ರೂಢಿಯಿಂದ ಸೇರಿದುದು ಯಾವುದು ಎಂದು ಬೇರ್ಪಡಿಸಿ ನೋಡುವುದು.

ಉಪವಾಸಕ್ಕೂ ಈ ಚಿಕಿತ್ಸೆಗೂ ಇರುವ ಸಂಬಂಧವನ್ನು ನಮ್ಮ ಓದುಗರು ತಿಳಿಯಬೇಕು. ವೈದ್ಯರು ದೋಷ ಪಕ್ವವಾಗಲೆಂದು ರೋಗಿಗೆ ಅನ್ನವನ್ನು ಬಿಡಿಸುವುದುಂಟು; ಅದನ್ನು ಲಂಘನವೆನ್ನುತ್ತಾರೆ. ವಿರೇಚನದಿಂದ ಶೋಧನವಾದ ಮೇಲೆ ಗಂಜಿಯಿಂದ ಆರಂಭಿಸಿ ಹಂತಹಂತವಾಗಿ ಊಟಕ್ಕೆ ತರುವುದು ಅವರ ಪದ್ಧತಿ. ದೀರ್ಘ ಉಪವಾಸದ ಪಾರಣೆಯನ್ನು ಹಗುರವಾದ ಆಹಾರದಿಂದ ಮಾಡುವ ನಮ್ಮ ಹಿರಿಯರ ಕ್ರಮವೂ ಹಾಗೆಯೇ ಇದೆ. ಹೊರನೋಟಕ್ಕೆ ಎರಡೂ ಒಂದೇ. ಆದರೆ ಲಂಘನದ ಗುರಿ ದೇಹ. ಅನಶನ ತಪಸ್ಸಿನ ಗುರಿ ಕರ್ಮನಿರ್ಜರೆ. ರಕ್ತಶುದ್ಧಿಯಾಗಲೆಂದು ಅಷ್ಟಮಿ ಚತುರ್ದಶಿಗಳಲ್ಲಿ ಊಟ ಬಿಟ್ಟವನಿಗೆ ದೇಹ ಹಗುರವಾಗಬಹುದು. ವಿಷಯ ಕಷಾಯಗಳನ್ನು ಬಿಡದಿದ್ದರೆ ಅದು ಉಪವಾಸವೆನಿಸದು.

ಅನಶನವು ಬಾಹ್ಯತಪಸ್ಸು ಆರರಲ್ಲಿ ಮೊದಲನೆಯದು. ರೋಗಿಯಾದ ಸಾಧುವಿನ ಸೇವೆ ಮಾಡುವ ವೈಯಾವೃತ್ಯವಾದರೋ ಅಂತರಂಗ ತಪಸ್ಸು ಆರರಲ್ಲಿ ಸೇರಿದೆ. ಔಷಧದಾನವು ನಾಲ್ಕು ದಾನಗಳಲ್ಲಿ ಒಂದು. ದಿಗಂಬರ ಮುನಿಯು ದಿನಕ್ಕೊಮ್ಮೆ ಮಾತ್ರ, ನಿಂತು, ಕೈಯನ್ನೇ ಪಾತ್ರೆಯಾಗಿ ಮಾಡಿಕೊಂಡು ಆಹಾರವನ್ನು ಸ್ವೀಕರಿಸುವನು. ಔಷಧವೂ ಆ ಒಂದೇ ವೇಳೆಯಲ್ಲಿ ಆಹಾರದೊಡನೆ ಸಲ್ಲಬೇಕು. ಮತ್ತೊಮ್ಮೆ ಕೊಡುವಂತಿಲ್ಲ, ರಾತ್ರಿ ಕೊಡುವಂತಿಲ್ಲ. ಹೀಗಿರುವಾಗ ಆ ಒಂದು ಬೊಗಸೆ ಕಷಾಯವು ಶುದ್ಧವಾಗಿಯೂ ಸರಿಯಾಗಿಯೂ ಇರಬೇಕಾದುದು ಶ್ರಾವಕಿಯ ಹೊಣೆ. ಸ್ವತಃ ಮುನಿಗಳಾಗಿದ್ದ ಉಗ್ರಾದಿತ್ಯರು ವೈದ್ಯಗ್ರಂಥವನ್ನು ಬರೆದುದರ ಅರ್ಥವು ಇಲ್ಲಿ ಸ್ಪಷ್ಟವಾಗುತ್ತದೆ.

ಔಷಧಕ್ಕೆ ಮೀರಿದ ಸ್ಥಿತಿಯೂ ಒಂದುಂಟು. ಅದನ್ನು ಆಚಾರ್ಯರು ಮರೆಯಲಿಲ್ಲ. ರಿಷ್ಟಾಧ್ಯಾಯದಲ್ಲಿ ಮರಣವನ್ನು ಸೂಚಿಸುವ ಲಕ್ಷಣಗಳನ್ನು ಅವರು ಸಂಗ್ರಹಿಸಿದ್ದಾರೆ. ಅಂತ್ಯವು ಹತ್ತಿರವಾದುದನ್ನು ಅರಿತವನು ಉಳಿದ ದಿನಗಳನ್ನು ಚಿಕಿತ್ಸೆಯ ಹಂಬಲದಲ್ಲಿ ಕಳೆಯದೆ ಧರ್ಮಧ್ಯಾನಕ್ಕೆ ಕೊಡಬೇಕೆಂಬುದು ಅದರ ಪ್ರಯೋಜನ. ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಒದಗಿದಾಗ ಮಾತ್ರ ಸಲ್ಲೇಖನಕ್ಕೆ ಅವಕಾಶವಿದೆ. ಪ್ರತೀಕಾರವಿಲ್ಲದ ಎಂಬ ವಿಶೇಷಣದ ತೂಕವನ್ನು ವೈದ್ಯಶಾಸ್ತ್ರ ತಿಳಿದವನೇ ಬಲ್ಲ. ಸಮಂತಭದ್ರ ಸ್ವಾಮಿಗಳಿಗೆ ಭಸ್ಮಕರೋಗ ತಗಲಿ ಅವರು ಸಲ್ಲೇಖನವನ್ನು ಬೇಡಿದಾಗ, ಗುರುಗಳು ಅನುಮತಿಸದೆ ಮೊದಲು ರೋಗವನ್ನು ಕಳೆದುಕೊಳ್ಳಲು ಆಜ್ಞಾಪಿಸಿದರೆಂಬ ಕಥೆಯು ನಮ್ಮಲ್ಲಿ ಪ್ರಸಿದ್ಧವಾಗಿದೆ. ಗುಣವಾಗಬಲ್ಲ ರೋಗದಲ್ಲಿ ಅವಸರಪಡಬಾರದು. ಗುಣವಾಗದ ರೋಗದಲ್ಲಿ ವ್ರತವನ್ನು ಮಾರಿ ಕೆಲವು ದಿನಗಳನ್ನು ಕೊಳ್ಳಬಾರದು. ಈ ಎರಡು ಮಾತುಗಳ ನಡುವೆ ಉಗ್ರಾದಿತ್ಯರ ಗ್ರಂಥವು ನಿಂತಿದೆ.

ಆಚಾರ್ಯರು ತೋರಿದ ದಾರಿಯು ಕನ್ನಡ ನಾಡಿನಲ್ಲಿ ಮುಂದುವರಿಯಿತು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಅನುಸರಿಸಿ ಕನ್ನಡದಲ್ಲಿ ಕರ್ಣಾಟಕ ಕಲ್ಯಾಣಕಾರಕವನ್ನು ರಚಿಸಿದನು. ಅದರ ಚಿಕಿತ್ಸೆಯೂ ಮದ್ಯಮಾಂಸಗಳನ್ನು ದೂರವಿಟ್ಟದ್ದು. ಕೀರ್ತಿವರ್ಮನು ಗೋವೈದ್ಯವನ್ನೂ, ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ವಿಷಚಿಕಿತ್ಸೆಯ ಖಗೇಂದ್ರಮಣಿದರ್ಪಣವನ್ನೂ ಬರೆದರು. ಉಗ್ರಾದಿತ್ಯರ ಸಂಸ್ಕೃತ ಗ್ರಂಥವಾದರೋ ಬಹುಕಾಲ ಓಲೆಗರಿಗಳಲ್ಲಿಯೇ ಉಳಿದಿತ್ತು. ಪಂಡಿತ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಅದನ್ನು ಶೋಧಿಸಿ ಹಿಂದೀ ಅನುವಾದದೊಡನೆ ೧೯೪೦ರಲ್ಲಿ ಸೊಲ್ಲಾಪುರದಿಂದ ಪ್ರಕಟಿಸಿದರು.

ಆಸ್ಥಾನದ ಆ ವಾದವು ನಮ್ಮ ಕಾಲದಲ್ಲಿಯೂ ಹೊಸ ರೂಪದಲ್ಲಿ ಎದ್ದುಬಂದಿತು. ೧೯೨೬ರಲ್ಲಿ ಅಮೆರಿಕದ ಮೈನಾಟ್ ಮತ್ತು ಮರ್ಫಿ ಎಂಬ ವೈದ್ಯರು, ಮಾರಕವಾಗಿದ್ದ ಒಂದು ಬಗೆಯ ಪಾಂಡುರೋಗವು ಪ್ರಾಣಿಯ ಯಕೃತ್ತನ್ನು ತಿನ್ನಿಸುವುದರಿಂದ ಗುಣವಾಗುವುದನ್ನು ತೋರಿಸಿದರು. ೧೯೩೪ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ದೊರೆಯಿತು. ಯಕೃತ್ತಿನ ಸಾರದ ಚುಚ್ಚುಮದ್ದುಗಳೂ ಟಾನಿಕ್ಕುಗಳೂ ಎಲ್ಲೆಡೆ ಹರಡಿದವು. ಮಾಂಸವಾದಿಗಳೇ ಗೆದ್ದರೆಂದು ತೋರಿದ ಕಾಲವದು. ಆದರೆ ೧೯೪೮ರಲ್ಲಿ ಆ ಗುಣವನ್ನು ಕೊಡುವ ಅಂಶವು ಬಿ೧೨ ಜೀವಸತ್ವವೆಂದು ಬೇರ್ಪಟ್ಟಿತು. ಇಂದು ಅದನ್ನು ಸೂಕ್ಷ್ಮಾಣುಗಳ ಕೃಷಿಯಿಂದ ಪಡೆಯುತ್ತಾರೆ. ಯಾವ ಪಶುವೂ ಸಾಯಬೇಕಾಗಿಲ್ಲ. ರೋಗಕ್ಕೆ ಬೇಕಾದುದನ್ನು ಹಿಂಸೆಯಿಂದ ಬೇರ್ಪಡಿಸಬಹುದೆಂಬ ಆಚಾರ್ಯರ ನಂಬಿಕೆಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಬಿ೧೨ ಸಸ್ಯಾಹಾರಗಳಲ್ಲಿ ಇಲ್ಲ; ಹಾಲು ಮೊಸರುಗಳಲ್ಲಿದೆ. ಆದುದರಿಂದ ರಸಪರಿತ್ಯಾಗದಲ್ಲಿ ಹಾಲು ಮೊಸರುಗಳನ್ನೂ ದೀರ್ಘಕಾಲ ಬಿಡುವವರು ರಕ್ತಪರೀಕ್ಷೆ ಮಾಡಿಸಿಕೊಂಡು ಬೇಕಾದುದನ್ನು ತೆಗೆದುಕೊಳ್ಳುವುದು ವಿವೇಕ. ಕೊಳ್ಳುವಾಗ ಮಾತ್ರೆಯ ಕೋಶವನ್ನೂ ವಿಚಾರಿಸಬೇಕು. ಜೆಲಾಟಿನ್ ಕೋಶಗಳು ಪ್ರಾಣಿಗಳ ಮೂಳೆ ಚರ್ಮಗಳಿಂದಾದವು. ಸಸ್ಯಮೂಲದ ಕೋಶಗಳೂ ದೊರೆಯುತ್ತವೆ.

ಇನ್ನು ಮೂಲಿಕೆಗಳನ್ನು ಬಳಸುವ ಶ್ರಾವಕ ಬಾಂಧವರಿಗೆ ಕೆಲವು ಮಾತುಗಳು ಅವಶ್ಯ. ಕಣ್ಣು ಹಳದಿಯಾಗುವುದು ಒಂದೇ ರೋಗದಿಂದಲ್ಲ. ಕೆಟ್ಟ ನೀರಿನಿಂದ ಬರುವ ಸೋಂಕು, ರಕ್ತದ ಮೂಲಕ ತಗಲುವ ಸೋಂಕು, ಪಿತ್ತನಾಳಕ್ಕೆ ಅಡ್ಡಬಿದ್ದ ಕಲ್ಲು, ಔಷಧಗಳ ದುಷ್ಪರಿಣಾಮ, ಇವೆಲ್ಲ ಕಾರಣಗಳೇ. ಕಲ್ಲಿನಿಂದ ನಾಳ ಕಟ್ಟಿದವನಿಗೆ ಕಷಾಯ ಕುಡಿಸುತ್ತ ಕುಳಿತರೆ ಹೊತ್ತು ಮೀರುತ್ತದೆ. ಮೊದಲು ಪರೀಕ್ಷೆ, ಆಮೇಲೆ ಔಷಧ. ಕಹಿಯಾದುದೆಲ್ಲ ನಿರಪಾಯವೆಂಬ ಭ್ರಮೆಯೂ ಬೇಡ. ೨೦೨೧ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿಯನ್ನು ಸೇವಿಸಿದ ಆರು ಜನರಲ್ಲಿ ಯಕೃತ್ತಿಗೆ ಹಾನಿಯಾದುದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯವು ಆ ವರದಿಯನ್ನು ಆಕ್ಷೇಪಿಸಿತು. ವಿವಾದ ಏನೇ ಇರಲಿ, ತಿಂಗಳುಗಟ್ಟಲೆ ಕೇಳುವವರಿಲ್ಲದೆ ಕುಡಿಯುವುದು ಸರಿಯಲ್ಲ. ನೆಲನೆಲ್ಲಿಯ ಬಗ್ಗೆ ೧೯೮೮ರಲ್ಲಿ ಮದರಾಸಿನ ಸಂಶೋಧಕರು, ಕಾಮಾಲೆಯ ಬಿ ವೈರಾಣುವನ್ನು ಹೊತ್ತ ೩೭ ಜನರಲ್ಲಿ ೨೨ ಜನರ ರಕ್ತ ಶುದ್ಧವಾಯಿತೆಂದು ಪ್ರಕಟಿಸಿದ್ದರು. ಬೇರೆಡೆ ನಡೆದ ಮುಂದಿನ ಪರೀಕ್ಷೆಗಳಲ್ಲಿ ಆ ಫಲ ದೊರೆಯಲಿಲ್ಲ. ಆ ವೈರಾಣುವಿಗೆ ಲಸಿಕೆಯಿದೆ. ಮಕ್ಕಳಿಗೆ ತಪ್ಪದೆ ಹಾಕಿಸಬೇಕು. ನೀರಿನಿಂದ ಬರುವ ಸೋಂಕಿಗೆ ಬಟ್ಟೆಯಲ್ಲಿ ಗಾಳಿಸುವುದಷ್ಟೇ ಸಾಲದು, ಚೆನ್ನಾಗಿ ಕುದಿಸಬೇಕು. ವ್ರತಿಗಳ ಮನೆಯ ಕಾದಾರಿದ ನೀರು ಇಲ್ಲಿ ನಿಜವಾದ ರಕ್ಷೆ.

ಕಾಮಾಲೆಯಿರುವಾಗ ನಿರ್ಜಲ ಉಪವಾಸವನ್ನು ಹಿಡಿಯುವುದು ಅಪಾಯಕರ. ಊಟವಿಲ್ಲದ ವೇಳೆಯಲ್ಲಿ ದೇಹಕ್ಕೆ ಸಕ್ಕರೆಯ ಅಂಶವನ್ನು ಒದಗಿಸುವುದು ಯಕೃತ್ತೇ ಆದುದರಿಂದ, ಅದು ಸೋತಿರುವಾಗ ಉಪವಾಸವು ಅದಕ್ಕೆ ಇಮ್ಮಡಿ ಭಾರವಾಗುತ್ತದೆ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನೂ ತ್ಯಾಗವನ್ನೂ ಶಕ್ತಿಗೆ ತಕ್ಕಂತೆ ಎಂದೇ ಹೇಳಿದೆ. ಅಂಥವರು ಗುರುಗಳನ್ನು ಕ್ರಮವಾಗಿ ಕೇಳಿ, ಏಕಾಶನಕ್ಕೋ ರಸತ್ಯಾಗಕ್ಕೋ ನಿಯಮವನ್ನು ಇಳಿಸಿಕೊಂಡು, ಗುಣವಾದ ಮೇಲೆ ವ್ರತವನ್ನು ಪೂರ್ಣಗೊಳಿಸಬಹುದು.

ಕಷಾಯವನ್ನು ಸಿದ್ಧಪಡಿಸುವಾಗ ಗಾಳಿಸಿದ ನೀರನ್ನೇ ಬಳಸಬೇಕು. ಅಂದಿನದನ್ನು ಅಂದೇ, ಸೂರ್ಯಾಸ್ತಕ್ಕೆ ಮುಂಚೆ ಮುಗಿಸಬೇಕು. ಸಚಿತ್ತತ್ಯಾಗಿಗಳು ಒಣಗಿದ, ಕುದಿಸಿದ ದ್ರವ್ಯಗಳನ್ನು ಮಾತ್ರ ಸ್ವೀಕರಿಸುವರು. ಹಿಟ್ಟಿಗೆ ಚಳಿಗಾಲದಲ್ಲಿ ೭, ಬೇಸಿಗೆಯಲ್ಲಿ ೫, ಮಳೆಗಾಲದಲ್ಲಿ ೩ ದಿನಗಳ ಮರ್ಯಾದೆಯಿರುವಂತೆ, ಮುನಿಗಳ ಆಹಾರಕ್ಕೆ ಬಳಸುವ ಚೂರ್ಣವನ್ನೂ ಹೊಸದಾಗಿ ಕುಟ್ಟುವುದು ಲೇಸು. ಆಸವ ಅರಿಷ್ಟಗಳಲ್ಲಿ ಹುದುಗಿನಿಂದ ಮದ್ಯಸಾರವು ತಾನಾಗಿ ಹುಟ್ಟುವುದರಿಂದ, ಅದೇ ಮೂಲಿಕೆಗಳ ಕಷಾಯವನ್ನೋ ಚೂರ್ಣವನ್ನೋ ವೈದ್ಯರಲ್ಲಿ ಕೇಳಿ ಪಡೆಯಬೇಕು. ಕೇಳಿದರೆ ಬಹುಮಟ್ಟಿಗೆ ಬದಲಿ ಇದ್ದೇ ಇರುತ್ತದೆ. ಕೇಳಲು ಸಂಕೋಚಪಟ್ಟು ಎಷ್ಟೋ ಮನೆಗಳಲ್ಲಿ ವ್ರತ ಕೆಡುತ್ತದೆ, ಇಲ್ಲವೆ ಔಷಧವೇ ನಿಂತುಹೋಗುತ್ತದೆ.

ಉಗ್ರಾದಿತ್ಯಾಚಾರ್ಯರು ಚಕ್ರವರ್ತಿಯ ಸಭೆಯಲ್ಲಿ ನಿಂತು ಕೇಳಿದ್ದು ಇದನ್ನೇ: ಹಿಂಸೆಯಿಲ್ಲದ ಬದಲಿಯನ್ನು ಹುಡುಕಿರಿ ಎಂದು. ತಾವು ಹುಡುಕಿ, ೨೫ ಪರಿಚ್ಛೇದಗಳಲ್ಲಿ ಬರೆದಿಟ್ಟೂ ಹೋದರು. ರೋಗಿಯ ಹಾಸಿಗೆಯ ಬಳಿ ಕುಳಿತ ಶ್ರಾವಕ ಶ್ರಾವಕಿಯರು ವೈದ್ಯರ ಮುಂದೆ ತಮ್ಮ ವ್ರತವನ್ನು ಧೈರ್ಯದಿಂದ ಹೇಳಿ, ಅದಕ್ಕೆ ಹೊಂದುವ ಔಷಧವನ್ನು ವಿನಯದಿಂದ ಕೇಳಿ, ಅದನ್ನು ಹೊತ್ತಿಗೆ ಸರಿಯಾಗಿ ಕೊಟ್ಟರೆ, ಆ ಆಚಾರ್ಯರಿಗೆ ಅದೇ ಭಕ್ತಿಯ ಅರ್ಘ್ಯ.